ಬೇರೆಯವರ ಹಲ್ಲು

ಆ ಲ್ಯಾಬಿನಲ್ಲಿ ಎಲ್ಲರಿಗೂ ಅಡ್ಡಹೆಸರಿತ್ತು. ಹಾಜರಿ ಪುಸ್ತಕದ ಹೆಸರು ಯಾರಿಗೂ ನೆನಪಿರಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವವಳು ಮೇಣದಕ್ಕ. ಗಾರೆ ಕಲಸಿ ಅಚ್ಚಿಗೆ ಹೊಯ್ಯುವವನು ಗಾರೆಯಣ್ಣ. ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಬೇಯಿಸಿ, ಕಟ್ಟುಹಲ್ಲಿನ ಸೆಟ್ಟನ್ನು ಹೊರತೆಗೆಯುವವನು ಸಮಚಿತ್ತ. ಈ ಕೊನೆಯ ಹೆಸರನ್ನು ಗಾರೆಯಣ್ಣ ಗೇಲಿಗೆಂದು ಇಟ್ಟಿದ್ದ. ಇಡಿಸಿಕೊಂಡವನು ಅದನ್ನು ಬಿರುದು ಅಂದುಕೊಂಡು ಹೊತ್ತು ತಿರುಗುತ್ತಿದ್ದ.

ಮೇಣದಕ್ಕ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನನ್ನು ಮದುವೆಯಾಗುವವಳಿದ್ದಳು. ನೋಂದಣಿ ಕಚೇರಿಯ ಗೋಡೆಗೆ ಇಬ್ಬರ ನೋಟೀಸು ಅಂಟಿ ತಿಂಗಳಾಗುತ್ತ ಬಂದಿತ್ತು. ಅವಳಿಗೆ ಮೂವತ್ತಮೂರು. ಅಣ್ಣ ಅತ್ತಿಗೆಯ ಮನೆಯಲ್ಲಿ, ಹಿಂದಿನ ಸಣ್ಣ ಕೋಣೆಯಲ್ಲಿ ಇರುತ್ತಿದ್ದಳು. ಮದುವೆಯಾಗಲೇಬೇಕು ಅನ್ನುವ ಹಂಬಲವೇನೂ ಅವಳಿಗಿರಲಿಲ್ಲ. ಆದರೆ ಅವಳ ಅಮ್ಮ ತೀರಿಕೊಂಡ ದಿನ ಮನೆ ತುಂಬ ಜನ ಸೇರಿ, ಒಬ್ಬರಿಗಿಂತ ಒಬ್ಬರು ಜೋರಾಗಿ ಅತ್ತು, ಮೂಗು ಒರೆಸಿಕೊಂಡು, ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತಿದ್ದಾಗ, ಸಮಚಿತ್ತನೊಬ್ಬ ಮಾತ್ರ ಬಂದು ಅವಳ ಪಕ್ಕ ಸುಮ್ಮನೆ ಕೂತಿದ್ದ. ಒಂದು ಮಾತಾಡಲಿಲ್ಲ, ಕಣ್ಣು ಒದ್ದೆ ಮಾಡಿಕೊಳ್ಳಲಿಲ್ಲ. ಅಳುವವರ ನಡುವೆ ಅಳದೆ ಕೂತವನು ಆಳದ ಮನುಷ್ಯನ ಹಾಗೆ ಕಾಣುತ್ತಾನೆ. ಮೇಣದಕ್ಕ ಅಷ್ಟಕ್ಕೇ ಮರುಳಾದಳು. ಅಲ್ಲಿ ಆಳ ಇದೆಯೋ, ಬರೀ ನೆಲ ಇದೆಯೋ ಅಂತ ಇಳಿದು ನೋಡಲಿಲ್ಲ.

ಸಮಚಿತ್ತ ಓದುವವನು. ಅಂಗೈಯಗಲದ ಪುಸ್ತಕಗಳು, ಒಂದು ಪುಟಕ್ಕೆ ಒಂದೇ ಮಾತು, ಉಳಿದದ್ದು ಬಿಳಿ ಜಾಗ. ಅದನ್ನೇ ತಿರುಗಿಸಿ ಮುರುಗಿಸಿ ಹಾಸಿಗೆ ಅಂಗಡಿಯ ಮೇಲಿನ ಹಾಲಿನಲ್ಲಿ ಪ್ರತಿ ಭಾನುವಾರ ಮಾತಾಡುತ್ತಿದ್ದ. ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಮೈಕು ಬೇಕಾಗುವಷ್ಟು ದೊಡ್ಡ ಹಾಲಲ್ಲ. ಆದರೆ ಮೈಕಿಲ್ಲದೆ ಹೇಳಿದರೆ ಅದೇ ಮಾತು ಪಕ್ಕದ ಮನೆಯವನು ಹೇಳಿದ ಹಾಗಿರುತ್ತಿತ್ತು. ಯಾರೂ ನಿಮ್ಮನ್ನು ನೋಯಿಸಲಾರರು, ನೀವು ಒಪ್ಪಿದರೆ ಮಾತ್ರ ನೋವು. ಪ್ರೀತಿ ಅಂದರೆ ತೆರೆದ ಅಂಗೈ. ಕೆಲಸ ಮಾಡಿ, ಆದರೆ ಮಾಡುವವನು ನಾನು ಅಂದುಕೊಳ್ಳಬೇಡಿ. ವಿಮೆ ಏಜೆಂಟರು, ಕ್ಷೌರದಂಗಡಿಯವರು, ಗಂಡಂದಿರ ಮೇಲೆ ಕೋಪವಿದ್ದ ಹೆಂಗಸರು ತಲೆದೂಗುತ್ತಿದ್ದರು. ಮನೆಗೆ ಹೋಗಿ ಅದೇ ಗಂಡಂದಿರ ಜೊತೆ ಅದೇ ಜಗಳ ಆಡುತ್ತಿದ್ದರು. ಯಾರಿಗೂ ನಷ್ಟವಿರಲಿಲ್ಲ.

ಲ್ಯಾಬಿನ ಯಜಮಾನನಿಗೂ ಇವನ ಮಾತು ಇಷ್ಟ. ಯಜಮಾನ ಮೊದಲು ಫ್ರಿಜ್ಜು ಮಾರುತ್ತಿದ್ದವನು. ಹಲ್ಲಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಬೆಳಿಗ್ಗೆ ಎದ್ದು ಉಜ್ಜುವಷ್ಟು. ಅವನ ಕೋಣೆಯ ಹೊರಗೆ ಒಂದು ಬಿಳಿ ಬೋರ್ಡಿತ್ತು. ಯಾವ ಡಾಕ್ಟರ ಸೆಟ್ಟು ಯಾವತ್ತು ಕೊಡಬೇಕು ಅಂತ ಬರೆಯುವ ಬೋರ್ಡು. ಅದರ ಮೇಲಿನ ಅರ್ಧ ಈಗ ಸಮಚಿತ್ತನ ದಿನದ ಮಾತಿಗೆ ಮೀಸಲು. "ಅಲೆ ಏಳುವುದು ನೀರಿನ ತಪ್ಪಲ್ಲ" ಅಂತ ಒಂದು ದಿನ ಬರೆದಿದ್ದ. ಕೆಳಗೆ ಗಾರೆಯಣ್ಣ ಗಾರೆ ಮೆತ್ತಿದ ಬೆರಳಿನಲ್ಲೇ "ನನ್ನ ಸಿಂಕಿನ ನಲ್ಲಿ ಮೂರು ವಾರದಿಂದ ಸೋರ್ತಿದೆ, ಅದು ಯಾರ ತಪ್ಪು?" ಅಂತ ಗೀಚಿದ್ದ. ಯಜಮಾನ ಗಾರೆಯಣ್ಣನನ್ನು ಬೈದ. ನಲ್ಲಿ ಸೋರುತ್ತಲೇ ಇತ್ತು.

ಈ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾನೆ. ಲ್ಯಾಬಿನವರು ಬಾಯಿಯನ್ನು ನೋಡುವುದೇ ಇಲ್ಲ. ಅಚ್ಚಿಗೆ ಗಾರೆಯಣ್ಣ ಗಾರೆ ಹೊಯ್ದರೆ ವಸಡಿನ ಆಕಾರ ಬರುತ್ತದೆ. ಅದರ ಮೇಲೆ ಮೇಣದಕ್ಕ ಮೇಣದ ವಸಡು ಕಟ್ಟಿ, ಸ್ಪಿರಿಟ್ ದೀಪದ ಮುಂದೆ ಬಗ್ಗಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾಳೆ. ಆಮೇಲೆ ಅದು ಹಿತ್ತಾಳೆಯ ಡಬ್ಬಿಗೆ ಹೋಗುತ್ತದೆ. ಡಬ್ಬಿಗೆ ಎರಡು ಭಾಗ. ಕೆಳಗಿನ ಭಾಗದಲ್ಲಿ ವಸಡು, ಮೇಲಿನ ಭಾಗಕ್ಕೂ ಗಾರೆ ತುಂಬಿ ಮುಚ್ಚುವುದು. ಗಾರೆ ಗಟ್ಟಿಯಾದ ಮೇಲೆ ಡಬ್ಬಿಯನ್ನು ಕುದಿನೀರಿಗೆ ಹಾಕಿ ಬಿಚ್ಚಿದರೆ ಮೇಣ ಕರಗಿ ಹರಿದು ಹೋಗಿರುತ್ತದೆ. ಹಲ್ಲುಗಳು ಮೇಲಿನ ಗಾರೆಯಲ್ಲಿ ಕಚ್ಚಿಕೊಂಡಿರುತ್ತವೆ, ವಸಡು ಕೆಳಗಿನ ಗಾರೆಯಲ್ಲಿ ಉಳಿದಿರುತ್ತದೆ. ಮಧ್ಯದ ಖಾಲಿಗೆ ಗುಲಾಬಿ ಹಿಟ್ಟು ತುಂಬಿ, ಪ್ರೆಸ್ಸಿನಲ್ಲಿ ಬಿಗಿದು, ಬೇಯಿಸುವುದು. ಕೊನೆಗೆ ಗಾರೆ ಒಡೆದು ಸೆಟ್ಟನ್ನು ತೆಗೆಯುವುದು. ಒಡೆದ ಗಾರೆ ತೊಟ್ಟಿಗೆ.

ಒಂದೇ ಹೊತ್ತಿಗೆ ನಾಲ್ಕಾರು ಡಬ್ಬಿಗಳು ಕುದಿಯುತ್ತವೆ. ಎಲ್ಲ ಡಬ್ಬಿಗಳೂ ಒಂದೇ ತರ. ಆದ್ದರಿಂದ ಡಬ್ಬಿ ಬಿಚ್ಚುವ ಮೊದಲು ಎರಡೂ ಭಾಗದ ಗಾರೆಯ ಮೇಲೆ ಮೊಳೆಯಿಂದ ಆಯಾ ರೋಗಿಯ ಚೀಟಿಯ ನಂಬರು ಕೆರೆಯಬೇಕು. ಲ್ಯಾಬು ಹುಟ್ಟಿದಾಗಿನಿಂದ ಇದೇ ಪದ್ಧತಿ. ಆ ಮೊಳೆ ದಾರದಲ್ಲಿ ಕಟ್ಟಿ ಸಮಚಿತ್ತನ ಬೆಂಚಿಗೇ ನೇತುಹಾಕಿದೆ.

ಸಮಚಿತ್ತ ಎರಡು ವಾರದಿಂದ ನಂಬರು ಕೆರೆಯುವುದನ್ನು ಬಿಟ್ಟಿದ್ದ. ಭಾನುವಾರದ ಒಂದು ಮಾತಿನಲ್ಲಿ, ವಸ್ತುಗಳಿಗೆ ಹಣೆಪಟ್ಟಿ ಹಚ್ಚುವುದೇ ದುಃಖದ ಬೇರು ಅಂತ ಹೇಳಿ ಚೆನ್ನಾಗಿ ಚಪ್ಪಾಳೆ ಗಿಟ್ಟಿಸಿದ್ದ. ಅವನು ಮೊದಲಿನಿಂದಲೂ ಸೋಮಾರಿಯೇ. ಈಗ ಸೋಮಾರಿತನಕ್ಕೆ ಒಂದು ಮೈಕು ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ. "ಜಾಗೃತವಾಗಿದ್ರೆ ನಂಬರು ಯಾಕೆ ಬೇಕು?" ಅಂದಿದ್ದ. ಗಾರೆಯಣ್ಣ, "ನೀನು ಜಾಗೃತವಾಗಿರೋದು ಟೀ ಬಂದಾಗ ಮಾತ್ರ" ಅಂದಿದ್ದ.

ಶುಕ್ರವಾರ ಬೆಳಿಗ್ಗೆ ಒಬ್ಬ ಮುದುಕಿ ಲ್ಯಾಬಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ರೋಗಿಗಳು ಇಲ್ಲಿಗೆ ಬರುವ ಹಾಗಿಲ್ಲ. ಅವಳಿಗೆ ಯಾರೂ ಅದನ್ನು ಹೇಳುವ ಧೈರ್ಯ ಮಾಡಲಿಲ್ಲ, ಏಕೆಂದರೆ ಅವಳು ಮೂವತ್ತು ವರ್ಷ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು, ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಗಾರೆಯಣ್ಣ ಅರಿವಿಲ್ಲದೆ ಅಂಗಿಯ ಗುಂಡಿ ಹಾಕಿಕೊಂಡ. ಟೀಚರಮ್ಮ ಕರವಸ್ತ್ರ ಬಿಚ್ಚಿ ಸೆಟ್ಟನ್ನು ಮೇಜಿನ ಮೇಲೆ ಇಟ್ಟಳು. ಹಲ್ಲಿಲ್ಲದ ಬಾಯಲ್ಲಿ, ಆದರೆ ಸ್ಪಷ್ಟವಾಗಿ, ಕೇಳಿದಳು:

"ಇದನ್ನ ಮಾಡಿದೋರು ಯಾರು?"

ಯಜಮಾನ ಓಡಿ ಬಂದ. "ಏನಾಯ್ತಮ್ಮಾ? ಡಾಕ್ಟರ ಹತ್ರ ಹೋಗಿ..."

"ಹೋಗಿದ್ದೆ. ಡಾಕ್ಟರು ಇಲ್ಲಿಗೆ ದಬ್ಬಿದ್ರು. ಇದನ್ನ ಹಾಕ್ಕೊಂಡ್ರೆ ಬಾಯಿ ಮುಚ್ಚೋಕಾಗಲ್ಲ, ಇಟ್ಟಿಗೆ ಕಚ್ಚಿಕೊಂಡ ಹಾಗಿರತ್ತೆ. ಅದು ಹೋಗ್ಲಿ. ಕನ್ನಡಿ ನೋಡಿದ್ರೆ ನನ್ನ ಬಾಯಲ್ಲಿ ಇನ್ಯಾರೋ ನಗ್ತಿದ್ದಾರೆ! ನನ್ನ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಇತ್ತು. ಆ ಸಂದಿಯಿಂದ ಸಿಳ್ಳೆ ಹೊಡೆದ್ರೆ ಮುನ್ನೂರು ಮಕ್ಕಳು ಸಾಲಾಗಿ ನಿಲ್ತಿದ್ರು. ಸಂದಿ ಬೇಕು ಅಂತ ಫೋಟೋ ಸಮೇತ ಬರೆದುಕೊಟ್ಟಿದ್ದೆ. ಎಲ್ಲಿ ನನ್ನ ಸಂದಿ?"

ಮೇಣದಕ್ಕ ಬೆಂಚಿನಿಂದ ಎದ್ದು ಬಂದು ಸೆಟ್ಟನ್ನು ಕೈಗೆತ್ತಿಕೊಂಡಳು. ನೋಡಿದ ಕೂಡಲೇ ಗೊತ್ತಾಯಿತು. ತಾನು ಕೂರಿಸಿದ ಹಲ್ಲನ್ನು ಅವಳು ಕತ್ತಲಲ್ಲೂ ಮುಟ್ಟಿ ಹೇಳಬಲ್ಲಳು. ಟೀಚರಮ್ಮನ ಸಂದಿ ಅವಳಿಗೆ ಚೆನ್ನಾಗಿ ನೆನಪಿತ್ತು. ನಲವತ್ತೊಂದನೇ ಚೀಟಿ. ಫೋಟೋವನ್ನು ದೀಪದ ಪಕ್ಕ ನಿಲ್ಲಿಸಿಟ್ಟುಕೊಂಡು, ಒಂದು ಕೂದಲು ಆಚೆ ಒಂದು ಕೂದಲು ಈಚೆ ಅಂತ ಅರ್ಧ ದಿನ ತೆಗೆದುಕೊಂಡಿದ್ದಳು. ಈ ಸೆಟ್ಟಿನಲ್ಲಿರುವ ಅಗಲ ಹಲ್ಲುಗಳೂ ಅವಳದ್ದೇ ಕೆಲಸ, ಆದರೆ ಇವು ನಲವತ್ತೇಳನೇ ಚೀಟಿಯವು. ಯಾರೋ ರಿಟೈರಾದ ಕಾವಲುಗಾರನದ್ದು. ಟೀಚರಮ್ಮನ ವಸಡಿಗೆ ಕಾವಲುಗಾರನ ಹಲ್ಲು ಬೆಂದು ಕೂತಿತ್ತು. ಎರಡು ಡಬ್ಬಿಗಳ ಮೇಲಿನ ಭಾಗ ಅದಲುಬದಲಾಗಿದೆ. ಹಾಗೆ ಅದಲುಬದಲಾದ ಡಬ್ಬಿ ಪೂರ್ತಿ ಮುಚ್ಚುವುದಿಲ್ಲ, ಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡಿರುತ್ತದೆ. ಕಣ್ಣಿದ್ದವನು ಆಗಲೇ ನಿಲ್ಲಿಸುತ್ತಾನೆ. ಇಲ್ಲಿ ನಿಲ್ಲಿಸಿಲ್ಲ. ಪ್ರೆಸ್ಸಿನ ಹಿಡಿ ತಿರುಗಿಸಿ ಬಿಗಿದಿದ್ದಾನೆ, ಅದಕ್ಕೇ ಇಟ್ಟಿಗೆಯ ದಪ್ಪ.

ಅವಳು ತಲೆಯೆತ್ತಿ ಸಮಚಿತ್ತನನ್ನು ನೋಡಿದಳು. ಅವನೂ ಸೆಟ್ಟನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಾಗಿದೆ ಅನ್ನುವುದು ಅವಳಿಗೆ ಗೊತ್ತಾಯಿತು. ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಹಲ್ಲು ಕೂರಿಸೋದು ಮೇಣದ ಬೆಂಚಲ್ವಾ?" ಅಂದ ಯಜಮಾನ. "ಏನಮ್ಮಾ, ಚೀಟಿ ನೋಡದೇ ಒಬ್ಬರದ್ದು ಒಬ್ಬರಿಗೆ ಕೂರಿಸಿಬಿಟ್ಯಾ? ಮದುವೆ ಗುಂಗಲ್ಲಿದ್ದೆ ಅಂತ ಕಾಣತ್ತೆ."

ಈಗ ಹೇಳುತ್ತಾನೆ, ಅಂದುಕೊಂಡಳು ಮೇಣದಕ್ಕ.

ಸಮಚಿತ್ತ ಗಂಟಲು ಸರಿಮಾಡಿಕೊಂಡ. "ಯಜಮಾನ್ರೇ, ತಪ್ಪು ಯಾರದ್ದು ಅನ್ನೋದು ಮುಖ್ಯ ಅಲ್ಲ. ಅಮ್ಮನೋರಿಗೆ ಹೊಸ ಸೆಟ್ಟು ಮಾಡಿಕೊಡೋದು ಮುಖ್ಯ."

"ನೋಡಿ, ಎಂಥ ಮಾತು!" ಅಂದ ಯಜಮಾನ, ಕರಗಿಹೋಗಿ. ಆಮೇಲೆ ಮೇಣದಕ್ಕನ ಕಡೆ ತಿರುಗಿದಾಗ ಅಷ್ಟು ಕರಗಿರಲಿಲ್ಲ. "ಮುಂದಿನ ವಾರದಿಂದ ನೀನು ಗಾರೆ ಉಜ್ಜು. ಮೇಣಕ್ಕೆ ಬೇರೆಯವರನ್ನ ನೋಡ್ತೀನಿ."

ಹನ್ನೊಂದು ವರ್ಷ ಕೂತ ಬೆಂಚು. ಗಾರೆಯಣ್ಣ ಬಾಯಿ ತೆರೆದ. ಮೇಣದಕ್ಕ ಅವನ ಕಾಲನ್ನು ಚಪ್ಪಲಿಯಲ್ಲಿ ಮೆಟ್ಟಿದಳು. ಅವನು ಬಾಯಿ ಮುಚ್ಚಿದ. ಟೀಚರಮ್ಮ ಒಬ್ಬಳೇ ಎಲ್ಲರ ಮುಖವನ್ನೂ ಸರದಿಯಾಗಿ ನೋಡಿ, "ಹೂಂ" ಅಂದಳು. ಯಾವ ಮಗು ಕಲ್ಲೆಸೆದಿದೆ ಅಂತ ಗೊತ್ತಿದ್ದೂ ಅದೇ ಒಪ್ಪಿಕೊಳ್ಳಲಿ ಅಂತ ಕಾಯುವವಳ ಹೂಂ ಅದು.

ಅವಳು ಹೋದ ಮೇಲೆ ಗಾರೆಯಣ್ಣ ಸಿಂಕಿನ ಹತ್ತಿರ ಮೇಣದಕ್ಕನನ್ನು ಹಿಡಿದ. "ಕಾಲು ಯಾಕಮ್ಮ ತುಳಿದೆ? ನಂಬರಿಲ್ಲದ ಡಬ್ಬಿನ ನಾನೇ ಕಣ್ಣಾರೆ ನೋಡಿದ್ದೀನಿ. ಒಂದು ಮಾತು ಹೇಳಿಬಿಡ್ತಿದ್ದೆ."

"ಬೇಡಣ್ಣ. ಅವನೇ ಹೇಳ್ಲಿ."

"ಅವನು ಹೇಳ್ತಾನಾ? ಅವನ ಕೈಲಿ ಟೀ ಲೋಟ ತೊಳೆಸೋಕೇ ನಮ್ಮ ಕೈಲಾಗ್ಲಿಲ್ಲ."

"ಸೋಮವಾರದವರೆಗೆ ಟೈಮಿದೆ."

"ಸೋಮವಾರ ಹನ್ನೊಂದರ ಮೇಲೆ ನಿನಗೆ ಟೈಮಿರಲ್ಲ ತಾಯಿ, ಅಷ್ಟು ನೆನಪಿಟ್ಕೋ" ಅಂದ ಗಾರೆಯಣ್ಣ.

ಅವನು ಹೇಳಿದ್ದು ಸರಿಯಿತ್ತು. ಮೇಣದಕ್ಕನ ಹಟ ಮೂರ್ಖತನದ್ದೇ. ಆದರೆ ಬೆಂಚು ಹೋಗುವುದಕ್ಕಿಂತ ದೊಡ್ಡದೊಂದನ್ನು ಅವಳು ತೂಗಿ ನೋಡುತ್ತಿದ್ದಳು. ಈ ಮನುಷ್ಯ ತನಗಾಗಿ ಒಂದು ಸಲ, ಒಂದೇ ಒಂದು ಸಲ, ನಷ್ಟದ ಮಾತೊಂದನ್ನು ಆಡುತ್ತಾನೋ ಇಲ್ಲವೋ? ಆಡಿದರೆ ಸೋಮವಾರ ಸಹಿ. ಆಡದಿದ್ದರೆ ಇಲ್ಲ. ಅವನಿಗೆ ಅವಳು ಇದನ್ನು ಹೇಳಲಿಲ್ಲ. ಹೇಳಿ ಹೇಳಿಸಿಕೊಂಡ ಮಾತು ಅವಳಿಗೆ ಬೇಕಿರಲಿಲ್ಲ.

ಶನಿವಾರ ಇನ್ನೊಂದು ಸೆಟ್ಟೂ ವಾಪಸು ಬಂತು. ಕಾವಲುಗಾರ ತಾನಾಗಿ ದೂರು ಕೊಟ್ಟಿರಲಿಲ್ಲ. ಕಟ್ಟುಹಲ್ಲು ಅಂದರೆ ಹೀಗೇ ಇರುತ್ತದೆ ಅಂತ ಮೂರು ದಿನ ಬಾಯಿ ತೆರೆದುಕೊಂಡೇ ಓಡಾಡಿದ್ದನಂತೆ. ಅವನ ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ, "ಇವರು ನಕ್ಕರೆ ಯಾವುದೋ ಹೆಂಗಸು ನಕ್ಕ ಹಾಗಾಗತ್ತೆ, ನನಗೆ ಮನೇಲಿರೋಕೇ ಆಗ್ತಿಲ್ಲ" ಅಂದಿದ್ದಳಂತೆ. ಡಾಕ್ಟರು ಚೀಟಿಯಲ್ಲಿ ಅದನ್ನೇ ಬರೆದು ಕಳಿಸಿದ್ದ.

"ಮೂರು ದಿನ ಒಪ್ಪಿಕೊಂಡು ಕೂತಿದ್ನಲ್ಲ, ನಿನ್ನ ಭಾನುವಾರದ ಸಭೆಗೆ ಬರ್ತಾನೇನೋ ವಿಚಾರಿಸು" ಅಂದ ಗಾರೆಯಣ್ಣ ಸಮಚಿತ್ತನಿಗೆ.

ಸಮಚಿತ್ತ ಆ ಸೆಟ್ಟನ್ನು ಎತ್ತಿ ಬೆಳಕಿಗೆ ಹಿಡಿದ. ಮುಂದಿನ ಎರಡು ಹಲ್ಲಿನ ನಡುವೆ ಟೀಚರಮ್ಮನ ಸಂದಿ ಎದ್ದು ಕಾಣುತ್ತಿತ್ತು. ಮೇಣದಕ್ಕ ಪಕ್ಕದಲ್ಲೇ ಇದ್ದಳು, ಉಸಿರು ಕೇಳುವಷ್ಟು ಹತ್ತಿರ. ಅವನು ಸೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ, "ಪಾಲಿಶ್ ಚೆನ್ನಾಗಿ ಬಂದಿದೆ" ಅಂದು ಕೆಳಗಿಟ್ಟ.

ಯಜಮಾನ ಆ ದಿನ ಊರಿನಲ್ಲಿರಲಿಲ್ಲ. ಎರಡೂ ಬಾಯಿಗಳ ಹೊಸ ಅಚ್ಚು ಸಂಜೆಗೆ ಬಂತು. ಗಾರೆಯಣ್ಣ ಗಾರೆ ಹೊಯ್ದಿಟ್ಟು, ಏನೂ ಮಾತಾಡದೆ ಮನೆಗೆ ಹೋದ. ಅವನು ಮಾತಾಡದೆ ಹೋದದ್ದನ್ನು ಆ ಲ್ಯಾಬು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಭಾನುವಾರ ಮೇಣದಕ್ಕ ಹಾಸಿಗೆ ಅಂಗಡಿಯ ಮಹಡಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಅಲ್ಲಿಗೆ ಅವಳು ಅಷ್ಟಾಗಿ ಹೋಗುತ್ತಿರಲಿಲ್ಲ. ಅಮ್ಮ ಸತ್ತ ಮೂರನೇ ತಿಂಗಳಿಗೆ ಹೋಗಿದ್ದಾಗ, "ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು ತಾಯಿಯ ಕನ್ನಡಕವನ್ನ ದಿನಾ ಒರೆಸಿಡ್ತಾಳೆ" ಅಂತ ಅವನು ಮೈಕಿನಲ್ಲಿ ಹೇಳಿದ್ದ. ಅದು ಅವಳು ಅವನೊಬ್ಬನಿಗೇ ಹೇಳಿದ್ದ ವಿಷಯ. ಮುಂದೆ ಕೂತಿದ್ದ ಹೆಂಗಸೊಬ್ಬಳು "ಪಾಪ, ಎಷ್ಟು ಕಟ್ಟುಬಿದ್ದಿದ್ದಾಳೆ" ಅಂತ ಲೊಚಗುಟ್ಟಿದ್ದಳು. ಮೇಣದಕ್ಕ ಆಗ ಅದನ್ನು ನುಂಗಿಕೊಂಡಿದ್ದಳು. ದೊಡ್ಡ ಮಾತಿಗೆ ಉದಾಹರಣೆ ಬೇಕಾಗುತ್ತದೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಮನುಷ್ಯರು ತಮಗೆ ತಾವು ಹೇಳಿಕೊಳ್ಳುವ ಸುಳ್ಳುಗಳ ಮುಂದೆ ಸಮಚಿತ್ತನಂಥವರ ಸುಳ್ಳು ಏನೂ ಅಲ್ಲ.

ಇವತ್ತು ಅವನು ಬಿಳಿ ಅಂಗಿ ಹಾಕಿದ್ದ. ಅರ್ಧ ಗಂಟೆ ಸ್ವೀಕಾರದ ಬಗ್ಗೆ ಮಾತಾಡಿ, ಧ್ವನಿ ಇಳಿಸಿದ. ಧ್ವನಿ ಇಳಿದರೆ ಉದಾಹರಣೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಮುಂದಕ್ಕೆ ಬಾಗಿ ಕೂತರು.

"ಮೊನ್ನೆ ಶುಕ್ರವಾರ ನಮ್ಮ ಕೆಲಸದ ಜಾಗದಲ್ಲಿ ಒಂದು ಘಟನೆ ನಡೀತು. ಒಬ್ಬ ಹೆಣ್ಣುಮಗಳ ಮೇಲೆ, ಅವಳು ಮಾಡದೇ ಇರೋ ತಪ್ಪನ್ನ ಹೊರಿಸಿದ್ರು. ಅವಳಿಗೆ ಗೊತ್ತಿತ್ತು, ತಾನು ಮಾಡಿಲ್ಲ ಅಂತ. ಆದ್ರೂ ಬಾಯಿ ಬಿಡ್ಲಿಲ್ಲ. ವಾದ ಮಾಡ್ಲಿಲ್ಲ. ಸುಮ್ಮನೆ ನಿಂತಿದ್ಲು. ನಾನು ಅವಳನ್ನ ನೋಡ್ತಾ ನೋಡ್ತಾ ಅಂದ್ಕೊಂಡೆ, ಇದೇ ಬಿಡುಗಡೆ. ನಾನು ಹತ್ತು ವರ್ಷದಿಂದ ಹೇಳ್ತಿರೋದನ್ನ ಇವಳು ಬದುಕಿಬಿಟ್ಲು!"

ಚಪ್ಪಾಳೆ ಬಿತ್ತು. ಒಬ್ಬ ಏಜೆಂಟು ಕಣ್ಣು ಒರೆಸಿಕೊಂಡ. ಮೂರನೇ ಸಾಲಿನಿಂದ ಕ್ಷೌರದಂಗಡಿಯವನು ಕೈಯೆತ್ತಿ ಕೇಳಿದ, "ಅಲ್ಲ ಸಾರ್, ಹಾಗಾದ್ರೆ ತಪ್ಪು ಮಾಡಿದೋನು ಯಾರು?"

"ಆ ಪ್ರಶ್ನೆಯೇ ನಮ್ಮನ್ನ ಕಟ್ಟಿಹಾಕೋದು" ಅಂದ ಸಮಚಿತ್ತ, ಮುಗುಳ್ನಕ್ಕು.

"ಅದು ಸರಿ ಸಾರ್. ಆದ್ರೂ ಯಾರು?"

ಪಕ್ಕದವರು ಕ್ಷೌರದಂಗಡಿಯವನ ತೋಳು ಹಿಡಿದು ಕೂರಿಸಿದರು. ಅಷ್ಟು ಜನರಲ್ಲಿ ತಲೆ ನೆಟ್ಟಗಿದ್ದವನು ಅವನೊಬ್ಬನೇ ಅನ್ನಿಸಿತು ಮೇಣದಕ್ಕನಿಗೆ.

ಸಭೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿದಳು. ಕೆಳಗೆ ಅಂಗಡಿಯವರು ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಧೂಳು ಬಡಿಯುತ್ತಿದ್ದರು.

"ನಾನು ಮಾಡಿಲ್ಲ ಅಂತ ನಲವತ್ತು ಜನಕ್ಕೆ ಹೇಳಿದೆ. ಯಜಮಾನರೊಬ್ಬರಿಗೆ ಹೇಳೋಕೆ ಏನಾಯ್ತು?"

"ನಾನು ನಿನ್ನನ್ನ ಹೊಗಳಿದ್ದು."

"ಕೇಳಿಸ್ತು. ಡಬ್ಬಿ ಅದಲುಬದಲು ಮಾಡಿದ್ದು ನೀನು."

"ಆಯ್ತಪ್ಪ, ಅದಲುಬದಲಾಯ್ತು."

"ತಾನಾಗೇ ಆಯ್ತಾ? ಡಬ್ಬಿಗೆ ಕಾಲಿತ್ತಾ?"

ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಅಮ್ಮ ಸತ್ತ ದಿನ ಇಟ್ಟದ್ದೂ ಇದೇ ಕೈ, ಇದೇ ತೂಕ. "ನೋಡು, ನಾನು ಹೇಳಿದ್ರೆ ಯಜಮಾನರಿಗೆ ನನ್ನ ಮೇಲಿರೋ ನಂಬಿಕೆ ಒಡೆಯತ್ತೆ. ಬೋರ್ಡು ನೋಡಿ ಎಷ್ಟೋ ಜನಕ್ಕೆ ಒಳ್ಳೇದಾಗ್ತಿದೆ. ನೀನು ಗಟ್ಟಿಗಿತ್ತಿ, ತಡ್ಕೊಳ್ತೀಯ. ಯಜಮಾನರು ಏನು ತಿಳ್ಕೊಳ್ತಾರೋ ಅದು ನಮ್ಮ ಕೈಲಿಲ್ಲ."

"ನಿನ್ನ ಬಾಯಿ ನಿನ್ನ ಕೈಲಿದೆಯಲ್ಲ?"

ಅವನು ನಕ್ಕ. ಇದು ಮುಂದಿನ ಭಾನುವಾರಕ್ಕೆ ಆಗುತ್ತದಾ ಅಂತ ಯೋಚಿಸುವವನ ನಗು.

"ನಾಳೆ ಎಂಟು ಗಂಟೆಗೆ ನಾನು ಲ್ಯಾಬಲ್ಲಿರ್ತೀನಿ" ಅಂದಳು ಮೇಣದಕ್ಕ. ಹೇಳಬಾರದು ಅಂದುಕೊಂಡಿದ್ದನ್ನು ಕೊನೆಗೂ ಬಾಯಿಬಿಟ್ಟು ಹೇಳಿದಳು, ಅದಕ್ಕಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. "ಯಜಮಾನರೂ ಇರ್ತಾರೆ. ನೀನು ಬಂದು ಒಂದು ಮಾತು ಹೇಳು. ಆಮೇಲೆ ಇಬ್ಬರೂ ಒಟ್ಟಿಗೆ ಹನ್ನೊಂದಕ್ಕೆ ಹೋಗೋಣ. ಎಂಟಕ್ಕೆ ಬರದಿದ್ರೆ ಹನ್ನೊಂದೂ ಇಲ್ಲ."

"ಷರತ್ತಿರೋ ಕಡೆ ಪ್ರೀತಿ ಇರಲ್ಲ" ಅಂದ ಅವನು, ತುಂಬ ಮೃದುವಾಗಿ.

ಮನೆಗೆ ಬಂದಾಗ ಅತ್ತಿಗೆ ಮರುದಿನದ ಹಸಿರು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಮೇಣದಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅತ್ತಿಗೆ ಕೇಳುತ್ತಲೇ ಒಂದು ತೋಳಿನ ಮಡಿಕೆ ತೆಗೆದಳು.

"ನಾನು ಮೊದಲ ದಿನವೇ ಹೇಳಿದ್ದೆ. ನಾನು ಮಾಡಿದ ಕಾಫಿ ಕುಡಿದು 'ರುಚಿ ಅನ್ನೋದು ನಾಲಿಗೆಯ ಭ್ರಮೆ' ಅಂದೋನು ಅವನು. ಸಕ್ಕರೆ ಹಾಕೋದು ಮರೆತಿದ್ದೆ, ಬಾಯಿಬಿಟ್ಟು ಕೇಳಬಾರದಾ?"

"ಹಾಗಾದ್ರೆ ಬೇಡ ಅಂತೀರಾ ಅತ್ತಿಗೆ?"

"ನಾನ್ಯಾಕೆ ಅನ್ಲಿ? ನಾಳೆ ನೀನು ಹೋಗದಿದ್ರೆ ನಾಲ್ಕು ದಿನ ಜನ ಆಡ್ಕೊಳ್ತಾರೆ, ನಿಮ್ಮಣ್ಣ ಒಂದು ವಾರ ಮುಖ ಊದಿಸ್ಕೊಂಡಿರ್ತಾರೆ. ಹೋದ್ರೆ ನಲವತ್ತು ವರ್ಷ ಅವನ ಉದಾಹರಣೆಯಾಗಿರ್ತೀಯ. ನಿನಗೆ ಬಿಟ್ಟಿದ್ದು." ಇನ್ನೊಂದು ತೋಳನ್ನು ಹಾಸಿದಳು. "ಇಸ್ತ್ರಿ ಅಂತೂ ಮುಗಿಸ್ತೀನಿ. ಬಿಸಿ ಆಗಿದೆ."

ಸೋಮವಾರ ಎಂಟು ಗಂಟೆಗೆ ಲ್ಯಾಬಿನಲ್ಲಿ ಗಾರೆಯಣ್ಣ, ಯಜಮಾನ, ಸೋರುವ ನಲ್ಲಿ ಇದ್ದವು. ಎಂಟೂಕಾಲಾಯಿತು. ಎಂಟೂವರೆಯಾಯಿತು. ಮೇಣದಕ್ಕ ಎಂಟೂವರೆಯವರೆಗೆ ಕಾದದ್ದನ್ನು ಗಾರೆಯಣ್ಣ ನೋಡಿಯೂ ನೋಡದವನ ಹಾಗೆ ಗಾರೆ ಕಲಸುತ್ತಿದ್ದ, ಆಗಲೇ ಗಟ್ಟಿಯಾಗಿಹೋಗಿದ್ದ ಗಾರೆಯನ್ನು.

ಆಮೇಲೆ ಅವಳು ಎದ್ದು ಎರಡೂ ಸೆಟ್ಟುಗಳನ್ನು, ಬೇರೆ ಚೀಟಿಗಳ ಎರಡು ಡಬ್ಬಿಗಳನ್ನು ತೆಗೆದುಕೊಂಡು ಯಜಮಾನನ ಕೋಣೆಗೆ ಹೋದಳು. ಗಾರೆ ತುಂಬಿದ ಎರಡು ಡಬ್ಬಿಗಳ ಮೇಲಿನ ಭಾಗವನ್ನು ಅವನ ಕಣ್ಣೆದುರೇ ಅದಲುಬದಲು ಮಾಡಿ ಮುಚ್ಚಿದಳು. ಮುಚ್ಚಲಿಲ್ಲ. ಆ ಸಂದಿಯಲ್ಲಿ ಅವನ ಪೆನ್ನನ್ನೇ ತೂರಿಸಿ ತೋರಿಸಿದಳು. "ಇದೇ ದಪ್ಪ. ನೋಡಿ, ಇಲ್ಲಿ, ಇಲ್ಲಿ." ಎರಡು ಸೆಟ್ಟುಗಳನ್ನು ಅಕ್ಕಪಕ್ಕ ಇಟ್ಟಳು. "ನಾನು ಚೀಟಿ ತಪ್ಪಾಗಿ ನೋಡಿ ಕೂರಿಸಿದ್ರೆ ಸಂದಿ ಮಾತ್ರ ತಪ್ಪಿರ್ತಿತ್ತು, ಬಾಯಿ ಮುಚ್ತಿತ್ತು. ಇದು ಡಬ್ಬಿ ತುಂಬಿದವನ ಕೆಲಸ."

ಫ್ರಿಜ್ಜು ಮಾರಿದವನಿಗೂ ಬಾಗಿಲು ಮುಚ್ಚದಿರುವುದು ಅಂದರೆ ಏನು ಅಂತ ಅರ್ಥವಾಯಿತು. "ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಅವನೇ ಹೇಳ್ತಾನೇನೋ ಅಂತ ಕಾದೆ."

ಯಜಮಾನ ನಕ್ಕುಬಿಟ್ಟ. ಆಮೇಲೆ ಏನೋ ನೆನಪಾಗಿ ಗಡಿಯಾರ ನೋಡಿದ. "ಇವತ್ತು ನಿಮ್ಮ ಮದುವೆ ಅಲ್ವಾ?"

"ಟೀಚರಮ್ಮ ಹತ್ತೂವರೆಗೆ ಬರ್ತಾರೆ. ಎಂಟೂವರೆಗೇ ಫೋನು ಮಾಡಿ ಬರೋಕೆ ಹೇಳಿದ್ದೀನಿ" ಅಂದಳು ಮೇಣದಕ್ಕ. ಹೋಗಿ ತನ್ನ ಬೆಂಚಿನಲ್ಲಿ ಕೂತು ದೀಪ ಹಚ್ಚಿದಳು.

ಕೈ ತಾನಾಗಿ ನಡೆಯಿತು. ಮೇಣ ಮೆತ್ತಗಾಯಿತು, ಚಾಕು ಬಿಸಿಯಾಯಿತು, ಹಲ್ಲು ಒಂದರ ಪಕ್ಕ ಒಂದು ಬಂದು ಕೂತವು. ಹತ್ತೂವರೆಗೆ ಸರಿಯಾಗಿ ಟೀಚರಮ್ಮ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಹನ್ನೊಂದು ವರ್ಷದಲ್ಲಿ ಮೇಣದಕ್ಕ ತಾನು ಹಲ್ಲು ಕಟ್ಟುವ ಬಾಯಿಯೊಂದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಫೋಟೋದಲ್ಲಿ ಕಾಣದ್ದು ಎಷ್ಟೋ ಇತ್ತು. ಎಡತುಟಿ ಸ್ವಲ್ಪ ಮೇಲೆ. ನಗುವ ಮೊದಲು ಒಂದು ಕ್ಷಣ ತಡೆದು ನಗುವ ಅಭ್ಯಾಸ.

"ಯಾರಂತೆ ಮಾಡಿದ್ದು?" ಅಂದಳು ಟೀಚರಮ್ಮ.

"ಡಬ್ಬಿ ತುಂಬೋನು."

"ಆ ಮೂಲೇಲಿ ನಿಂತು ಮುಖ್ಯ ಅಮುಖ್ಯ ಅಂತಿದ್ದೋನಾ? ಗೊತ್ತಿತ್ತು ನನಗೆ. ತಪ್ಪು ಮಾಡಿದ ಮಕ್ಕಳು ಎರಡು ತರ. ಅಳೋವು, ಇಲ್ಲಾ ನೀತಿ ಹೇಳೋವು. ಅಳೋವನ್ನ ತಿದ್ದಬಹುದು." ಬಾಯಿ ತೆರೆದಳು. "ಹಾಕು ನೋಡೋಣ."

ಫೋನು ಬಂದಾಗ ಹನ್ನೊಂದು ಹತ್ತು.

"ನಿಮ್ಮಣ್ಣ ಐದು ನಿಮಿಷಕ್ಕೊಂದು ಸಲ ಗಡಿಯಾರ ನೋಡ್ತಿದ್ದಾರೆ" ಅಂದ ಸಮಚಿತ್ತ. ಹಿಂದಿನಿಂದ ಟೈಪು ಮಾಡುವ ಸದ್ದು, ಯಾರದೋ ಕೆಮ್ಮು. "ನಾನು ನೋಡ್ತಿಲ್ಲ. ನೀನು ಬಂದ್ರೂ ಸರಿ, ಬರದಿದ್ರೂ ಸರಿ."

"ಯಜಮಾನರಿಗೆ ಎಲ್ಲಾ ಹೇಳಿದೆ."

"ಒಳ್ಳೇದಾಯ್ತು. ನಿನಗೆ ಹಗುರ ಆಗಿರಬೇಕು."

ಅವಳು ಸ್ವಲ್ಪ ಹೊತ್ತು ಕಾದಳು. ಬೈಯಲಿ, ಗೋಗರೆಯಲಿ, ಕಚೇರಿಯವರ ಮುಂದೆ ಮಾನ ಹೋಯಿತು ಅಂತಾದರೂ ಕೂಗಾಡಲಿ. "ನಾನು ಬರಲ್ಲ" ಅಂದಳು.

"ಸರಿ. ಈ ಕ್ಷಣ ಹೀಗಿದೆ" ಅಂದ ಅವನು. ಆಮೇಲೆ ಬೇರೆ ಯಾರನ್ನೋ ಕೇಳಿದ್ದು ಫೋನಿನಲ್ಲೇ ಕೇಳಿಸಿತು, "ಸಾರ್, ಈ ಫಾರಮ್ಮು ವಾಪಸು ಕೊಡಬೇಕಾ, ನಾನೇ ಇಟ್ಕೊಳ್ಳಬಹುದಾ?"

ಮೇಣದಕ್ಕ ಫೋನು ಇಟ್ಟಳು. ಇಷ್ಟು ದಿನ ಅವಳು ಅವನದ್ದು ನಟನೆ ಅಂದುಕೊಂಡಿದ್ದಳು. ಒಳಗೆ ಎಲ್ಲರ ಹಾಗೆ ಕುದಿಯುತ್ತದೆ, ಮೇಲೆ ಮಾತ್ರ ಮುಚ್ಚಿಟ್ಟುಕೊಂಡಿದ್ದಾನೆ ಅಂತ. ನಟನೆಯಾಗಿದ್ದರೆ ಒಂದು ದಿನ ಕ್ಷಮಿಸಬಹುದಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಏನೂ ಆಗುತ್ತಿರಲಿಲ್ಲ. ಅಮ್ಮ ಸತ್ತ ದಿನವೂ ಏನೂ ಆಗಿರಲಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಸುಮ್ಮನಿದ್ದ.

ಆಗ ಲ್ಯಾಬಿನಲ್ಲಿ ಒಂದು ಸಿಳ್ಳೆ ಕೇಳಿಸಿತು. ಕಿವಿ ಸೀಳುವಂಥದ್ದು. ಗಾರೆಯಣ್ಣ ಬಟ್ಟಲು ಕೆಳಗಿಟ್ಟು ನೆಟ್ಟಗೆ ನಿಂತ. ಯಜಮಾನ ಕೋಣೆಯಿಂದ ಹೊರಗೆ ಓಡಿಬಂದ. ಟೀಚರಮ್ಮ ಕನ್ನಡಿ ಹಿಡಿದು, ಮೇಣದ ಸೆಟ್ಟು ಹಾಕಿಕೊಂಡೇ, ಎರಡನೇ ಸಲ ಉಸಿರೆಳೆದುಕೊಳ್ಳುತ್ತಿದ್ದಳು.

"ಮೆಲ್ಲಗೆ ಅಮ್ಮಾ, ಇನ್ನೂ ಮೇಣ ಅದು, ಹಲ್ಲು ಹಾರಿಹೋಗತ್ತೆ!" ಅಂತ ಮೇಣದಕ್ಕ ಹಾರಿ ಬಂದಳು.

"ಹಾರ್ಲಿ, ಮತ್ತೆ ಕೂರಿಸು" ಅಂದಳು ಟೀಚರಮ್ಮ. "ಇದು ನಾನು."

ಇಲ್ಲಿಗೆ ಸಮಚಿತ್ತನಿಗೆ ತಕ್ಕ ಶಾಸ್ತಿಯಾಯಿತು ಅಂತ ಬರೆದರೆ ಓದುವವರಿಗೆ ಖುಷಿಯಾಗಬಹುದು, ಆದರೆ ಹಾಗಾಗಲಿಲ್ಲ. ಯಜಮಾನ ಅವನನ್ನು ಡಬ್ಬಿಯ ಬೆಂಚಿನಿಂದ ಎಬ್ಬಿಸಿ ಮುಂದಿನ ಕೌಂಟರಿಗೆ ಕೂರಿಸಿದ. ಸೆಟ್ಟು ಸರಿಯಿಲ್ಲ ಅಂತ ಕೂಗಾಡುವ ಡಾಕ್ಟರುಗಳ ಜೊತೆ ಮಾತಾಡುವುದಕ್ಕೆ ಇಂಥ ತಾಳ್ಮೆಯವನೇ ಬೇಕು ಅಂದ. ಅಲ್ಲಿ ಫ್ಯಾನಿತ್ತು, ತಿರುಗುವ ಕುರ್ಚಿಯಿತ್ತು. ಸಮಚಿತ್ತ ಅದನ್ನೂ ಸ್ವೀಕರಿಸಿದ. ಬೆಳಿಗ್ಗೆ ಮೇಣದಕ್ಕ ಒಳಗೆ ಬರುವಾಗ ಮೊದಲಿನ ಹಾಗೆಯೇ ಮುಗುಳ್ನಗುತ್ತಿದ್ದ, ಹಿಂದಿನ ದಿನ ಒಟ್ಟಿಗೆ ಬಸ್ಸಿಳಿದವರ ಹಾಗೆ. ಅವಳು ಆ ನಗುವನ್ನು ದಾಟಿ ತನ್ನ ಬೆಂಚಿಗೆ ಹೋಗುತ್ತಿದ್ದಳು. ಸಿಟ್ಟು ಬರುತ್ತಿರಲಿಲ್ಲ. ಬಾಗಿಲ ಹತ್ತಿರ ಕಾಲೊರೆಸುವ ಚೀಲ ಇರುತ್ತದಲ್ಲ, ಅದನ್ನು ನೋಡಿದಷ್ಟೇ ನೋಡುತ್ತಿದ್ದಳು.

ಮುಂದಿನ ಭಾನುವಾರದ ಸಭೆಗೆ ಗಾರೆಯಣ್ಣ ಬೇಕೆಂತಲೇ ಹೋಗಿಬಂದ. ಸೋಮವಾರ ಸಿಂಕಿನ ಹತ್ತಿರ ವರದಿ ಒಪ್ಪಿಸಿದ.

"ಕುರ್ಚಿ ಸಾಲದೆ ಕೆಳಗಿಂದ ಎರಡು ಹಾಸಿಗೆ ತಂದು ಹಾಕಿದ್ರು. ವಿಷಯ, 'ಬಿಟ್ಟುಕೊಡುವ ಪ್ರೀತಿ'."

"ನನ್ನ ವಿಷಯ ಬಂತಾ?"

"ಬರದೇ ಇರತ್ತಾ? 'ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು ಮದುವೆ ದಿನ ಬರಲೇ ಇಲ್ಲ, ನಾನು ಅವಳಿಗೆ ಮನಸ್ಸಲ್ಲೇ ನಮಸ್ಕಾರ ಮಾಡಿದೆ' ಅಂದ."

"ಚಪ್ಪಾಳೆ ಬಿತ್ತಾ?"

"ಜೋರಾಗೇ ಬಿತ್ತು. ಕ್ಷೌರದಂಗಡಿಯವನೊಬ್ಬ ಎದ್ದು, 'ಯಾಕೆ ಬರ್ಲಿಲ್ಲ ಸಾರ್?' ಅಂದ. ಕೂರಿಸಿಬಿಟ್ರು."

ಮೇಣದಕ್ಕ ನಕ್ಕಳು, ಒಂದು ವಾರದಲ್ಲಿ ಮೊದಲ ಸಲ. ಆಮೇಲೆ ಸಮಚಿತ್ತನ ಹಳೆಯ ಬೆಂಚಿನ ಕಡೆ ನೋಡಿದಳು. ಹೊಸಬರು ಸಿಗುವವರೆಗೆ ಅದೂ ಗಾರೆಯಣ್ಣನ ಪಾಲಿಗೇ ಬಂದಿತ್ತು. ಟೀಚರಮ್ಮನ ಡಬ್ಬಿ ಆಗ ತಾನೇ ಕುದಿನೀರಿನಿಂದ ಮೇಲೆ ಬಂದು ಹಬೆಯಾಡುತ್ತಿತ್ತು.

"ನಂಬರು ಕೆರೆದಿದ್ದೀಯಾ ಅಣ್ಣಾ?"

"ಎರಡೂ ಕಡೆ" ಅಂದ ಗಾರೆಯಣ್ಣ, ಮೊಳೆಯನ್ನು ದಾರಕ್ಕೆ ಬಿಟ್ಟು. "ಬೇಕಾದ್ರೆ ಬಂದು ನೋಡು."

ಅವಳು ಹೋಗಿ ನೋಡಿದಳು.